ಅಲುಗಾಡಬೇಡಿ

ಚಳ್ಳಕೆರೆಯ ಫೋಟೋ ಸ್ಟುಡಿಯೋ ಮುರುಗೇಂದ್ರಪ್ಪನ ಬಾಯಿ ಸುಮ್ಮನಿರುವಂಥದ್ದಲ್ಲ. ಜಿಲ್ಲಾ ಫೋಟೋ ಸ್ಪರ್ಧೆಯ ಮೊದಲ ಬಹುಮಾನ ತನಗೇ ಎಂದು ಹೋಟೆಲಿನಲ್ಲಿ ಸಾರಿ, ಬೋರ್ಡಿನಲ್ಲಿ ಹೆಸರಿನ ಹಿಂದೆ 'ಕಲಾವಿದ' ಎಂದು ಬರೆಸಿಯೂ ಬಿಟ್ಟಿದ್ದ. ವಿಷಯ: ಕೂಲಿಕಾರರ ಮಕ್ಕಳ ಆಟ. ಉಳಿದದ್ದು ಒಂದೇ ದಿನ. ಬಹುಮಾನ ಬರದಿದ್ದರೆ ಊರಲ್ಲಿ ತಲೆ ಎತ್ತುವಂತಿರಲಿಲ್ಲ.

ಬೆಳಿಗ್ಗೆಯೇ ಎಣ್ಣೆ ಮಿಲ್ಲಿನ ಹಿಂದಿನ ಓಣಿಗೆ ಹೋದ. ಹಮಾಲರ ಮಕ್ಕಳು ಸೈಕಲ್ ಟೈರು ಓಡಿಸುತ್ತ ಧೂಳೆಬ್ಬಿಸುತ್ತಿದ್ದವು. ಆಹಾ ಎಂದು ಕ್ಯಾಮೆರಾ ಎತ್ತಿದ್ದೇ ತಡ, "ಲೇ, ಫೋಟೋ ಮಾಮ!" ಎಂದು ತೇಜಶ್ರೀ ಎಂಬ ಹುಡುಗಿ ಕೂಗಿದಳು. ಅಷ್ಟೇ! ಉದ್ದದವು ಹಿಂದೆ, ಗಿಡ್ಡವು ಮುಂದೆ, ಕೈಕಟ್ಟಿ, ಉಸಿರು ಬಿಗಿಹಿಡಿದು ನಿಂತವು.

"ಆಟ ಆಡ್ರಪ್ಪಾ!"

"ಅಲುಗಾಡಿದ್ರೆ ಫೋಟೋ ಕೆಡ್ತೈತೆ ಅಂತ ಇಸ್ಕೂಲಾಗೆ ನೀವೇ ಬೈದಿದ್ರಲ್ಲ ಮಾಮ?" ಎಂದಳು ತೇಜಶ್ರೀ, ತುಟಿ ಅಲುಗಿಸದೆ.

ನಿಜವೇ. ಹತ್ತು ವರ್ಷದಿಂದ ಶಾಲೆಯ ಗ್ರೂಪ್ ಫೋಟೋ ತೆಗೆಯುತ್ತ, ನಕ್ಕವರನ್ನೆಲ್ಲ ಗದರಿ ಕಲಿಸಿದ ಪಾಠ. ಮೇಷ್ಟ್ರ ಪಾಠ ಮರೆಯುವ ಮಕ್ಕಳು ಇವನ ಪಾಠ ಮರೆತಿರಲಿಲ್ಲ. ತನ್ನ ಮೇಲೇ ಅವನಿಗೆ ಸಿಟ್ಟು ಬಂತು.

ತೇಜಶ್ರೀಯ ತಾಯಿ ಹೊನ್ನಕ್ಕ ಓಡಿಬಂದಳು. "ತಡೀರಿ ಸಾಮಿ, ಹಿಂಗೇ ಹಿಡಿದ್ರೆ ನೋಡ್ದೋರು ಏನಂದಾರು?" ಮಕ್ಕಳಿಗೆಲ್ಲ ಮುಖ ತೊಳೆಸಿ, ಪೌಡರ್ ಮೆತ್ತಿ, ಸುಡುಬಿಸಿಲಲ್ಲಿ ಸ್ವೆಟರ್ ತೊಡಿಸಿದ್ದಾಯಿತು. ಕ್ಯಾತಣ್ಣನೆಂಬ ಮುದುಕ ಕುರ್ಚಿ ತಂದು ನಡುವೆ ಕೂತ. ಫೋಟೋ ತೆಗೆಸಿಕೊಳ್ಳದೆ ಬಿಡುವವರಲ್ಲ. ಮಧ್ಯಾಹ್ನಕ್ಕೆ ರೀಲಿನಲ್ಲಿ ಒಂದೇ ಫೋಟೋ ಉಳಿಯಿತು.

ಅದನ್ನಾದರೂ ಮೇಲಿಂದ ಕದ್ದು ಹಿಡಿಯೋಣವೆಂದು ಹತ್ತಿದ ಮೇಲೆ ಈಸಿಕೊಂಡರಾಯಿತೆಂದು ಕ್ಯಾಮೆರಾವನ್ನು ಹೊನ್ನಕ್ಕನ ಕೈಗೆ ಕೊಟ್ಟು, ಮಿಲ್ಲಿನವರು ಸುರಿದಿದ್ದ ಶೇಂಗಾ ಸಿಪ್ಪೆಯ ಗುಡ್ಡೆ ಹತ್ತತೊಡಗಿದ. ತುದಿ ಮುಟ್ಟುವಷ್ಟರಲ್ಲಿ ಸಿಪ್ಪೆ ಕುಸಿಯಿತು. ಅಂಗಾತ ಜಾರಿ ಬಂದು ಬಿದ್ದ. ಮಕ್ಕಳಿಗೆ ಇನ್ನೇನು ಬೇಕು! ಕೇಕೆ ಹಾಕಿ, ಸ್ವೆಟರ್ ಸಮೇತ ಗುಡ್ಡೆಗೆ ಹಾರಿದವು.

"ಇದೇ! ಇದೇ! ಕ್ಯಾಮೆರಾ ಕೊಡವ್ವಾ!" ಎಂದು ಬಿದ್ದಲ್ಲಿಂದಲೇ ಅರಚಿದ.

"ತಗಳ್ರಿ ಸಾಮಿ. ಅದ್ಯಾವ್ದೋ ಗುಂಡಿ ಕಟಕ್ ಅಂತು."

ರೀಲು ಮುಗಿದಿತ್ತು.

ಸಂಜೆ ತೊಳೆದು ನೋಡಿದರೆ ಮೂವತ್ತೈದೂ ಶಾಲೆಯ ಗ್ರೂಪ್ ಫೋಟೋ. ಮೂವತ್ತಾರನೆಯದು ಮಾತ್ರ ಅದ್ಭುತ! ಹಾರುವ ಸಿಪ್ಪೆ, ಕುಣಿಯುವ ಮಕ್ಕಳು, ನಡುವೆ ಬಾಯ್ಬಿಟ್ಟು ಬಿದ್ದ ಗಂಡಸು. ಮುಖಕ್ಕೆಲ್ಲ ಧೂಳು ಮೆತ್ತಿದೆ, ಯಾರಿಗೆ ಗುರುತು ಸಿಕ್ಕೀತು? ತನ್ನ ಹೆಸರು ಬರೆದು ಕಳಿಸಿಯೇ ಬಿಟ್ಟ.

ಮೊದಲ ಬಹುಮಾನ ಬಂತು! ಫೋಟೋ ಪತ್ರಿಕೆಯಲ್ಲೂ ಬಂತು. ಹೋಟೆಲಿನವರು ಹಾರ ಹಿಡಿದು ಮನೆ ಬಾಗಿಲಿಗೇ ಬಂದರು. ಹೆಂಡತಿ ಬಸವಲಿಂಗಮ್ಮ ತೀರ್ಪುಗಾರರ ಮಾತನ್ನು ಗಟ್ಟಿಯಾಗಿ ಓದಿದಳು: "ಹಾಡಹಗಲೇ ಕುಡಿದು ಬಿದ್ದ ತಂದೆ, ಅದರ ಅರಿವಿಲ್ಲದೆ ಆಡುವ ಕಂದಮ್ಮಗಳು. ಮನಕಲಕುವ ಚಿತ್ರ."

ಆಮೇಲೆ ಪತ್ರಿಕೆಯನ್ನು ಕಣ್ಣಿನ ಹತ್ತಿರ ತಂದಳು. "ಈ ಅಂಗಿ ತೋಳಿನ ತ್ಯಾಪೆ ನಾನೇ ಹಾಕಿದ್ದು! ಯಾವಾಗಿಂದ ನಡೆದೈತ್ರಿ ಈ ಕುಡಿತ?"

ಕುಡಿದಿರಲಿಲ್ಲ ಎಂದರೆ ನಡೆದದ್ದೆಲ್ಲ ಹೇಳಬೇಕು. ಹೇಳಿದರೆ ಬಹುಮಾನ ಹೊನ್ನಕ್ಕನದು. ಹುಟ್ಟಿದಾಗಿನಿಂದ ಹೆಂಡದ ವಾಸನೆಯನ್ನೂ ಕಾಣದ ಮುರುಗೇಂದ್ರಪ್ಪ ತಲೆ ತಗ್ಗಿಸಿದ.

"ತಪ್ಪಾತು ಕಣೇ. ಇವತ್ತಿಂದ ಬಿಟ್ಟೆ."

"ಬಿಡ್ರಿ, ಒಳ್ಳೇದಾತು," ಎಂದು ಬಸವಲಿಂಗಮ್ಮ ಮತ್ತೆ ಫೋಟೋ ನೋಡಿದಳು. "ಅಲ್ಲಾ, ಬಿದ್ದೋರು ನೀವಾದ್ರೆ, ಇದನ್ನ ಹಿಡಿದೋರು ಯಾರು?"