ಹಳೇ ಫ್ರೇಮು, ಹೊಸ ಗಾಜು, ಅದೇ ನಂಬರು

ನನ್ನ ಕನ್ನಡಕದ ಫ್ರೇಮಿಗೆ ಹನ್ನೊಂದು ವರ್ಷ. ಎರಡು ಸಲ ಅದರ ಮೇಲೆ ಕೂತಿದ್ದೇನೆ, ಒಂದು ಸಲ ಪ್ಯಾಂಟಿನ ಜೇಬಿನಲ್ಲೇ ಬಿಟ್ಟು ವಾಷಿಂಗ್ ಮೆಷಿನ್ನಿಗೂ ಹಾಕಿದ್ದೇನೆ. ಅದಕ್ಕೇನೂ ಆಗಿಲ್ಲ. ಗಾಜು ಮಾತ್ರ ಗೀರು ಬಿದ್ದು ಮಸುಕಾಗಿತ್ತು. ಒಂದು ಭಾನುವಾರ ಕಾಫಿ ಲೋಟ ಕೆಳಗಿಟ್ಟು ರಾಜಾಜ್ಞೆ ಹೊರಡಿಸಿದೆ: "ಫ್ರೇಮ್ ಬದಲಾಯಿಸಲ್ಲ, ನಂಬರ್ ಬದಲಾಗಿಲ್ಲ. ಹೊಸ ಗಾಜು ಹಾಕಿಸ್ತೀನಿ, ಅಷ್ಟೇ."

"ನಂಬರ್ ಬದಲಾಗಿಲ್ಲ ಅಂತ ಯಾರು ಹೇಳಿದ್ರು?" ಎಂದಳು ನನ್ನ ಹೆಂಡತಿ ಕೋಕಿಲಾ. "ಮೊನ್ನೆ ಪಕ್ಕದ್ಮನೆ ಗೇಟಿಗೆ ನಮ್ಮನೆ ಬೀಗದ ಕೈ ಹಾಕಿ ತಿರುಗಿಸ್ತಾ ನಿಂತಿದ್ರಿ."

"ಅದು ಗೀರಿನ ತಪ್ಪು ಕಣೇ."

"ಸರಿ, ಟೆಸ್ಟ್ ಮಾಡಿಸಿ. ನಂಬರ್ ಏರಿದ್ರೆ ಸ್ಕೂಟರ್ ಕೀ ನನ್ ಕೈಗೆ. ನಾನು ಓಡಿಸ್ತೀನಿ, ನೀವು ಹಿಂದೆ."

ನಾನು ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿಯುವುದರಲ್ಲಿ ನನಗೆ ದೊಡ್ಡ ಹೆಸರು. ನನ್ನ ವಿದ್ಯೆ ಬಹಳ ಸರಳ: ಸರಿ ಉತ್ತರ ಇಬ್ಬರಿಗೂ ಗೊತ್ತಿರಬಹುದು, ಆದರೆ ಅಕ್ಕಪಕ್ಕ ಕೂತವರಿಬ್ಬರೂ ಒಂದೇ ತಪ್ಪು ಬರೆದಿದ್ದರೆ ಒಬ್ಬ ಕಳ್ಳ. ಇದನ್ನು ಕೋಕಿಲಾಗೆ ನೂರು ಸಲ ಹೇಳಿ ಬೀಗಿದ್ದೇನೆ. ಇಂಥ ನಾನು, ಹೆಂಡತಿಯ ಬೆನ್ನ ಹಿಂದೆ ಟಿಫನ್ ಡಬ್ಬಿ ಹಿಡಿದು ಕೂತು, ಶಾಲೆಯ ಗೇಟಿನಲ್ಲಿ ಇಳಿಯುವುದೇ? ಹಾಗಾದರೆ ಹತ್ತನೇ ತರಗತಿಯಲ್ಲಿ ನನಗೆ ಯಾರು ಹೆದರುತ್ತಾರೆ?

ಕುರುಬರಹಳ್ಳಿಯ ಒಂದು ಕನ್ನಡಕದಂಗಡಿಗೆ ಒಬ್ಬನೇ ಹೋದೆ. ಅಲ್ಲಿ ಕಣ್ಣು ಪರೀಕ್ಷೆ ಮಾಡುವ ರಾಗಿಣಿ ನನ್ನ ಫ್ರೇಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಸಾರ್, ತುಂಬ ಹಳೇದು. ಗಾಜು ಕೂರಿಸುವಾಗ ಬಿಸಿ ಮಾಡ್ತೀವಿ. ಮುರಿದ್ರೆ ನಮ್ಮನ್ನ ಕೇಳಬಾರದು."

"ಅದು ಮುರಿಯಲ್ಲಮ್ಮ. ನಿಮ್ಮ ಮೆಷಿನ್ ಹುಷಾರು."

ನನಗಿಂತ ಮೊದಲು ಪರೀಕ್ಷೆಗೆ ಕೂತವರು ನಮ್ಮ ಬೀದಿಯ ಹನುಮಯ್ಯನವರು. ಗೋಡೆಯ ಮೇಲೆ ಕನ್ನಡ ಅಕ್ಷರಗಳ ಬೋರ್ಡು. ಅವರಿಗೆ ಕಿವಿ ಮಂದ, ಹಾಗಾಗಿ ಮಾತು ಜೋರು. "ಗ, ರ, ಪ, ಡ" ಎಂದು ಇಡೀ ಕುರುಬರಹಳ್ಳಿಗೆ ಕೇಳುವಂತೆ ಓದಿದರು. ಮೂವತ್ತು ವರ್ಷ ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸಿದವನು ನಾನು, ಒಂದೇ ಸಲಕ್ಕೆ ಎಲ್ಲ ಸಾಲೂ ಬಂದವು. ನನ್ನ ಸರದಿಯಲ್ಲಿ ರಾಗಿಣಿ ಹಳೇ ನಂಬರಿನ ಗಾಜು ಹಾಕಿ ಕೂರಿಸಿದಳು. ಕೊನೆಯ ಎರಡು ಸಾಲು ಇರುವೆಗಳ ಹಾಗೆ ಕಂಡವು. ಎಲ್ಲೂ ತಡವರಿಸದೆ ಒಪ್ಪಿಸಿಬಿಟ್ಟೆ.

"ಸೂಪರ್ ಸಾರ್. ನಂಬರ್ ಹಾಗೇ ಇದೆ."

ಎರಡು ದಿನ ಬಿಟ್ಟು ಹೊಸ ಗಾಜು ಹಾಕಿ ಕೊಟ್ಟರು. ಫ್ರೇಮು ಮುರಿಯಲಿಲ್ಲ. ಅಂಗಡಿಯಲ್ಲೇ ಹಾಕಿಕೊಂಡು ಲೋಕವನ್ನು ನೋಡಿದೆ. ಇಷ್ಟು ದಿನ ಗೀರಿನ ಹಿಂದೆ ಮಸುಕಾಗಿದ್ದ ಲೋಕ ಈಗ ಗೀರಿಲ್ಲದೆ ಮಸುಕಾಗಿತ್ತು. ಯಾರಿಗೆ ಹೇಳುವುದು? ಸುಮ್ಮನೆ ಮನೆಗೆ ಬಂದೆ.

ಶುಕ್ರವಾರ ಸಂಜೆ ಕೋಕಿಲಾ ತರಕಾರಿ ಅಂಗಡಿ ಹತ್ತಿರ ಕಾಯುತ್ತೇನೆ ಎಂದಿದ್ದಳು. ನೇರಳೆ ಸೀರೆ ಉಟ್ಟು ಹೋಗಿದ್ದಳು. ನಾನು ನೇರಳೆ ಸೀರೆಯ ಪಕ್ಕಕ್ಕೇ ಸ್ಕೂಟರ್ ನಿಲ್ಲಿಸಿ, ಮುಂದೆ ನೋಡುತ್ತಲೇ ಹೇಳಿದೆ: "ಹತ್ತು."

"ಹತ್ತಕ್ಕೆಲ್ಲ ಬರಲ್ಲ."

"ಏನೇ ಹಂಗಂದ್ರೆ? ಹತ್ತು ಬೇಗ, ಹಿಂದೆ ಬಸ್ ಬರ್ತಿದೆ."

"ಮೊಳ ಮೂವತ್ತು ಕಣಣ್ಣ. ಬರೀ ಹತ್ತು ಹತ್ತು ಅಂದ್ರೆ ನಾನೆಲ್ಲಿಂದ ತಂದು ಕೊಡ್ಲಿ?"

ತಿರುಗಿ ನೋಡಿದರೆ ಹೂವು ಮಾರುವ ದುರ್ಗವ್ವ. ನಾಲ್ಕು ಹೆಜ್ಜೆ ಆಚೆ ಇನ್ನೊಂದು ನೇರಳೆ ಸೀರೆ, ಕೈಚೀಲ ಹಿಡಿದು, ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ ನಿಂತಿತ್ತು. ನಾನು ಎರಡು ಮೊಳ ಮಲ್ಲಿಗೆ ಕೊಂಡು ಅತ್ತ ಚಾಚಿದೆ. ಕೋಕಿಲಾ ಮುಡಿದುಕೊಂಡಳು, ಮನೆ ಸೇರುವವರೆಗೂ ಒಂದು ಮಾತೂ ಆಡಲಿಲ್ಲ. ಅವಳು ಬೈದರೆ ನನಗೆ ಭಯವಿಲ್ಲ, ಬೈಯದಿದ್ದರೆ ಊಟ ಸೇರುವುದಿಲ್ಲ.

ಮಾರನೇ ದಿನ ಬೆಳಿಗ್ಗೆ ಅವಳೇ ಮಾತು ತೆಗೆದಳು. "ಯಾಕೋ ನನಗೂ ಕಣ್ಣು ನೋಯ್ತಿದೆ. ಅದೇ ಅಂಗಡಿಗೆ ಹೋಗೋಣ. ನಿಮ್ಮದೂ ಇನ್ನೊಂದ್ಸಲ ನೋಡ್ಲಿ. ಅಂದಹಾಗೆ, ಸ್ನಾನ ಮಾಡ್ತಾ ಅದೇನು 'ಗರಪಡ ಗರಪಡ' ಅಂತ ಹಾಡ್ತೀರಲ್ಲ?"

"ಅದಾ? ಒಂದು ಹಳಗನ್ನಡ ಪದ್ಯ."

"ಹೌದಾ" ಎಂದಳು, ಅಷ್ಟೇ.

ಅಂಗಡಿಯಲ್ಲಿ ಅವಳು ರಾಗಿಣಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿ, ಮೊದಲು ತಾನೇ ಪರೀಕ್ಷೆಗೆ ಕೂತಳು. "ಮ, ಟ, ಲ, ಸ" ಎಂದು ಶುರುಮಾಡಿದಳು. ಬೋರ್ಡು ಬದಲಾಗಿತ್ತು. ಆದರೆ ನಾನು ಅಷ್ಟಕ್ಕೆ ಸೋಲುವವನಲ್ಲ. ತುಟಿ ಅಲುಗಿಸದೆ ಹೊಸ ಪಾಠ ಶುರುಮಾಡಿದೆ. ಕೋಕಿಲಾ ಒಂದೊಂದೇ ಅಕ್ಷರವನ್ನು ಬಿಡಿಸಿ ಬಿಡಿಸಿ ಓದುತ್ತಿದ್ದಳು, ಕೊನೆಯ ಸಾಲನ್ನಂತೂ ನಡುನಡುವೆ ಉಸಿರು ತೆಗೆದುಕೊಂಡು ಓದಿದಳು. ಪಾಪ, ಇವಳಿಗೂ ಸರಿಯಾಗಿ ಕಾಣುವುದಿಲ್ಲ ಎಂದು ಮರುಗಿದೆ.

ನನ್ನ ಸರದಿ ಬಂತು. ಒಂದೊಂದೇ ಸಾಲು ಒಪ್ಪಿಸುತ್ತಾ ಇಳಿದೆ.

"ಕೊನೇ ಲೈನ್ ಸಾರ್?"

ತರಗತಿಯ ಹಿಂದಿನ ಬೆಂಚಿಗೂ ಕೇಳುವ ದನಿಯಲ್ಲಿ ಓದಿದೆ: "ಕೀ. ಕೊ. ಡಿ."

ರಾಗಿಣಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಸಾರ್, ನಮ್ಮ ಬೋರ್ಡಲ್ಲಿ ಗುಡಿಸು, ದೀರ್ಘ, ಒತ್ವ ಏನೂ ಇಲ್ಲ. ಅಲ್ಲಿರೋದು ನ, ವ, ದ."

ಕೋಕಿಲಾ ನನ್ನ ಮುಂದೆ ಅಂಗೈ ಚಾಚಿದ್ದಳು. "ಅಕ್ಕಪಕ್ಕ ಕೂತೋರಿಬ್ರೂ ಒಂದೇ ತಪ್ಪು ಓದಿದ್ರೆ ಏನಂತೀರಿ ಮೇಷ್ಟ್ರೇ?"

ಕೀ ಕೊಟ್ಟೆ. ಬಾಯಿಪಾಠವಿಲ್ಲದೆ ಪರೀಕ್ಷೆ ಮಾಡಿದಾಗ ನಂಬರು ಚೆನ್ನಾಗಿಯೇ ಏರಿತ್ತು. ಫ್ರೇಮನ್ನು ಮತ್ತೆ ಎರಡು ದಿನಕ್ಕೆ ಅಲ್ಲೇ ಬಿಟ್ಟು, ಬರಿಗಣ್ಣಲ್ಲಿ ತಡಕಾಡುತ್ತಾ ಹೊರಗೆ ಬಂದೆ. ಕೋಕಿಲಾ ಸ್ಕೂಟರ್ ಸ್ಟಾರ್ಟ್ ಮಾಡಿ, ಮುಂದೆ ನೋಡುತ್ತಲೇ ಹೇಳಿದಳು: "ಹತ್ತಿ."

ಹತ್ತಕ್ಕೆಲ್ಲ ಬರಲ್ಲ ಎಂದುಬಿಡೋಣ ಅನ್ನಿಸಿತು. ಅದನ್ನು ಹೇಳಲು ದುರ್ಗವ್ವನ ಧೈರ್ಯ ಬೇಕು. ಹತ್ತಿ ಕೂತೆ.