ಹನ್ನೊಂದು ಗಂಟೆಯ ಗೊರಗೊರ

ಹಿಸ್ಕೆ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಮಗಳ ಕಾಲುಚೀಲಕ್ಕೆ ಕ್ಲಿಪ್ಪು ಸಿಕ್ಕಿಸುವಷ್ಟರಲ್ಲಿ ಅಡುಗೆಮನೆಯ ಮೂಲೆಯ ರೇಡಿಯೊ, ಎದೆಯಲ್ಲಿ ಕಫ ಕಟ್ಟಿದ ಮುದುಕನಂತೆ ಗೊರಗೊರ ಎನ್ನತೊಡಗಿತು.

"ಅಯ್ಯೋ, ಇವತ್ತೇ ಆಗ್ಬೇಕಿತ್ತಾ ಇದಕ್ಕೆ!" ಎಂದು ಒದ್ದೆ ಕೈಯಲ್ಲೇ ಒಳಗೆ ಓಡಿದಳು.

ಇವತ್ತು ಮಗಳು ಜಿಲ್ಡೌಳ ಹುಟ್ಟುಹಬ್ಬ. ಗಂಡ ಡೌವೆ ಸರಕಿನ ಹಾಯಿಹಡಗಿನಲ್ಲಿ ಅಟ್ಲಾಂಟಿಕ್ ಸಾಗರದ ನಟ್ಟನಡುವೆ ಇದ್ದ. ಹನ್ನೊಂದು ಗಂಟೆಗೆ, ಎರಡೂ ಕಡೆಯಿಂದ ಮಾತಾಡಬಹುದಾದ ಈ ರೇಡಿಯೊದಲ್ಲಿ, ಮಗಳಿಗೆ ಹಾಡುತ್ತೇನೆ ಎಂದು ಮಾತು ಕೊಟ್ಟಿದ್ದ. ಈ ಗೊರಗೊರದಲ್ಲಿ ಅವನ ದನಿ ಎಲ್ಲಿ ಕೇಳೀತು?

ಜಿಲ್ಡೌ ಆಗಲೇ ಎದ್ದು, ಕಾಗದದ ಹೂವು, ಬಣ್ಣದ ದೀಪಗಳಿಂದ ಸಿಂಗರಿಸಿದ ತನ್ನ ಕುರ್ಚಿಯಲ್ಲಿ ರಾಣಿಯಂತೆ ಕೂತಿದ್ದಳು. ಆ ದೀಪಗಳ ಅಡಾಪ್ಟರನ್ನು ಪಕ್ಕದ ಮನೆಯ ಟ್ರಿಯೆನ್ ಕಸಕ್ಕೆ ಹಾಕಲು ಹೊರಟಿದ್ದರು. ಹಿಸ್ಕೆ ಅದನ್ನು ಕಸಿದುಕೊಂಡು ಬಂದು, ಒಳಗಿನ ಸುಟ್ಟ ಸುರುಳಿಯೊಂದನ್ನು ಕಿತ್ತು, ಆ ಜಾಗಕ್ಕೆ ತುಂಡು ತಂತಿ ಬೆಸೆದು ಬದುಕಿಸಿದ್ದಳು. ಬೀದಿಯವರ ಕೆಟ್ಟ ಸಾಮಾನುಗಳನ್ನೆಲ್ಲ ಪ್ರತಿ ಶನಿವಾರ ಸಮುದಾಯ ಭವನದಲ್ಲಿ ಪುಕ್ಕಟೆಯಾಗಿ ರಿಪೇರಿ ಮಾಡಿಕೊಡುವವಳಿಗೆ ಅದೆಷ್ಟರ ಕೆಲಸ!

"ಅಮ್ಮಾ, ಒಂದು ಕೇಳ್ಲಾ?" ಎಂದಳು ಜಿಲ್ಡೌ.

"ಆಮೇಲೆ ಕಂದಾ, ಅಪ್ಪನ ರೇಡಿಯೊ ಮೊದಲು."

ರೇಡಿಯೊಗೆ ಕರೆಂಟು ಉಣಿಸುವ ಪೆಟ್ಟಿಗೆಯ ಮೇಲೆ ಅವಳ ಗುಮಾನಿ. ಬಿಚ್ಚಿದಳು. ಒಳಗೊಂದು ಕೆಪಾಸಿಟರ್ ಪೂರಿಯಂತೆ ಉಬ್ಬಿ ಕೂತಿತ್ತು. "ಸಿಕ್ಕಿಬಿದ್ಯಾ ಕಳ್ಳಾ!" ಎಂದು ಅದನ್ನು ಕಿತ್ತು ಹೊಸದನ್ನು ಬೆಸೆದಳು. ಗುಂಡಿ ಒತ್ತಿದಳು. ಗೊರಗೊರ ಇನ್ನಷ್ಟು ಹುರುಪಿನಿಂದ ಬಂತು.

ಹಾಗಿದ್ದರೆ ನೆರೆಹೊರೆಯವರ ಯಾವುದೋ ಕರೆಂಟು ಸಾಮಾನೇ ರೇಡಿಯೊ ಅಲೆಗಳನ್ನು ಕೆಡಿಸುತ್ತಿರಬೇಕು. ಹಿಸ್ಕೆ ಕೈರೇಡಿಯೊ ಹಿಡಿದು, ಬೆಕ್ಕಿನ ಜಾಡು ಹಿಡಿದ ನಾಯಿಯಂತೆ ಬೀದಿಗಿಳಿದಳು. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು ಅದು. ಟ್ರಿಯೆನ್ ಮನೆಯ ಬಾಗಿಲಲ್ಲೇ ಕೈರೇಡಿಯೊ ಗುರುಗುಟ್ಟಿತು.

"ನಿಮ್ಮ ಓವನ್ ಸ್ವಲ್ಪ ಆರಿಸ್ತೀರಾ?"

"ಸೇಬಿನ ಕೇಕು ಅರ್ಧ ಬೆಂದಿದೆ ಕಣೇ! ನಿನ್ನ ಮಗಳಿಗೇ ಮಾಡ್ತಿರೋದು."

"ಅವಳಪ್ಪ ಹಾಡ್ಬೇಕು ಟ್ರಿಯೆನ್."

"ಹಂಗಾದ್ರೆ ಸುಡುಗಾಡಿಗೆ ಹೋಗ್ಲಿ ಕೇಕು," ಎಂದು ಟ್ರಿಯೆನ್ ಓವನ್ ಆರಿಸಿದರು.

ಆಚೆ ಮನೆಯ ಮುದಿ ದೋಣಿಗಾರ ರಿನ್ಸೆ ತನ್ನ ಮೀನಿನ ತೊಟ್ಟಿಯ ದೀಪವನ್ನು ಆರಿಸಿದ. "ಮೀನುಗಳಿಗೆ ರಾತ್ರಿ ಆಯ್ತು ಅಂತ ಹೇಳ್ತೀನಿ ಬಿಡಮ್ಮ, ನಂಬ್ತವೆ. ಪಾಪದವು," ಎಂದ. ಅದರಾಚೆಯವರು ಫ್ರಿಜ್ಜು, ಅದರಾಚೆಯವರು ಬಟ್ಟೆ ಒಗೆಯುವ ಯಂತ್ರ. ಸಾಲು ಮನೆಯೆಲ್ಲ ಸದ್ದಡಗಿತು. ಗೊರಗೊರ ಮಾತ್ರ ಅಡಗಲಿಲ್ಲ.

ಮನೆಯಲ್ಲಿ ಮಾಡಲು ಕೆಲಸವಿಲ್ಲದೆ ಎಲ್ಲರೂ ಹಿಸ್ಕೆಯ ಮನೆಗೇ ಬಂದರು. ಆ ಊರಿನ ರೂಢಿಯಂತೆ ಮಗಳ ಕೈಯನ್ನೂ ತಾಯಿಯ ಕೈಯನ್ನೂ ಕುಲುಕಿ ಶುಭಾಶಯ ಹೇಳಿ, ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂತು, ಹಸಿ ಕೇಕನ್ನು ಚಮಚದಲ್ಲಿ ತಿಂದರು.

"ಪಾಯಸದ ಥರ ಇದೆ," ಎಂದ ರಿನ್ಸೆ.

"ಬಾಯಿ ಮುಚ್ಕೊಂಡು ತಿನ್ನಿ," ಎಂದರು ಟ್ರಿಯೆನ್.

"ಅಮ್ಮಾ, ಈಗ ಕೇಳ್ಲಾ?" ಎಂದಳು ಜಿಲ್ಡೌ.

"ಇನ್ನೊಂದು ಚೂರು ಇರು ಪುಟ್ಟಾ." ಹಿಸ್ಕೆಯ ಕಣ್ಣು ಗೋಡೆ ಗಡಿಯಾರದ ಮೇಲಿತ್ತು, ಕಣ್ಣಂಚು ಒದ್ದೆಯಾಗಿತ್ತು.

ರಿನ್ಸೆ ಗಂಟಲು ಸರಿಮಾಡಿಕೊಂಡ. "ನಮ್ಮದೆಲ್ಲ ಆರಿಸಿದ್ದಾಯ್ತು. ನಿನ್ನ ಮನೇದೂ ಒಂದ್ಸಲ ಆರಿಸಿ ನೋಡ್ಬಾರ್ದಾ?"

"ನಮ್ಮ ಮನೇದಾ? ಇಲ್ಲಿ ನಾನು ಬಿಚ್ಚಿ ರಿಪೇರಿ ಮಾಡದೇ ಇರೋ ಸಾಮಾನು ಒಂದಾದ್ರೂ ಇದ್ಯಾ?"

"ಅದಕ್ಕೇ ಹೇಳಿದ್ದು."

ಎಲ್ಲರೂ ನಕ್ಕರು. ರಿನ್ಸೆ ತನ್ನ ದೋಣಿಯ ಬ್ಯಾಟರಿಯನ್ನು ಏದುಸಿರು ಬಿಡುತ್ತ ಹೊತ್ತು ತಂದು ರೇಡಿಯೊಗೆ ಜೋಡಿಸಿದ. ಟ್ರಿಯೆನ್ ಯಾರನ್ನೂ ಕೇಳದೆ ಹೋಗಿ ಮೇನ್ ಸ್ವಿಚ್ಚನ್ನು ಕೆಳಗೆಳೆದರು.

ರೇಡಿಯೊದಲ್ಲಿ ಒಮ್ಮೆಲೇ ಹಿಮ ಬಿದ್ದಂಥ ಮೌನ. ಅದರೊಳಗಿಂದ, ಸಾಗರದಾಚೆಯಿಂದ, ಡೌವೆಯ ರಾಗವಿಲ್ಲದ ಹಾಡು ಬಂತು. ದುಂಡಗೆ ಕೂತವರೆಲ್ಲ ಕೈ ಮೇಲೆತ್ತಿ "ಹುರ್ರಾ!" ಎಂದು ಕೂಗಿದರು. ಹಿಸ್ಕೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೇಕು ಕೆಡಿಸಿಕೊಂಡವರು, ಮೀನಿಗೆ ಸುಳ್ಳು ಹೇಳಿದವರು, ಬಟ್ಟೆ ನೆನೆಯಲು ಬಿಟ್ಟು ಬಂದವರು. ಇವರ ಋಣ ಎಷ್ಟು ಅಡಾಪ್ಟರ್ ರಿಪೇರಿ ಮಾಡಿದರೂ ತೀರುವಂಥದ್ದಲ್ಲ ಎನ್ನಿಸಿತು ಅವಳಿಗೆ.

"ನಮ್ಮ ಹಳೇ ಫ್ರಿಜ್ಜೇ ಇರ್ಬೇಕು. ಮನೆ ಜೊತೆಗೇ ಬಂದಿದ್ದು, ಅದೊಂದಕ್ಕೇ ನಾನು ಕೈ ಹಚ್ಚಿಲ್ಲ," ಎಂದು ಮೆಲ್ಲಗೆ ಮಾನ ಉಳಿಸಿಕೊಂಡಳು. ಎಲ್ಲರೂ ತಲೆದೂಗಿದರು.

"ಪುಟ್ಟೀ," ಎಂದಿತು ಡೌವೆಯ ದನಿ, "ಏನಾದ್ರೂ ಕೇಳ್ಬೇಕಾ? ಬೇಗ ಕೇಳಮ್ಮ, ನನ್ನ ಪಹರೆಗೆ ಹೊತ್ತಾಯ್ತು."

ಹಿಸ್ಕೆ ಹೆಮ್ಮೆಯಿಂದ ಮೈಕನ್ನು ಮಗಳ ಬಾಯಿಗೆ ಹಿಡಿದಳು. ಬೆಳಗಿನಿಂದ ಕಾದಿದ್ದ ಜಿಲ್ಡೌ ಆರಿಹೋದ ದೀಪಗಳ ಕುರ್ಚಿಯಲ್ಲಿ ನೆಟ್ಟಗೆ ಕೂತು, ಸಾಗರಕ್ಕೂ ಬೀದಿಗೂ ಕೇಳುವಂತೆ ಗಟ್ಟಿಯಾಗಿ ಕೇಳಿದಳು:

"ಅಪ್ಪಾ, ಅಮ್ಮ ರಿಪೇರಿ ಮಾಡಿದ್ಲಲ್ಲ, ನನ್ನ ಕುರ್ಚಿ ದೀಪದ ಡಬ್ಬಿ, ಅದು ಬೆಳಗ್ಗೆಯಿಂದ ಸಣ್ಣಗೆ ಕುಂಯ್ ಅಂತಿತ್ತು. ಅದು ಸುಮ್ಮನಾದ ಕೂಡ್ಲೇ ನಿನ್ನ ರೇಡಿಯೊನೂ ಸರಿಹೋಯ್ತು. ಅದ್ಯಾಕಪ್ಪಾ ದೊಡ್ಡವರಿಗೆ ಒಬ್ಬರಿಗೂ ಕೇಳಿಸ್ಲಿಲ್ಲ?"