ನಲ್ಲಿಗೆ ಅರಗಿನ ಮುದ್ರೆ ಬಿದ್ದ ಶನಿವಾರ

ನನಗೆ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲ. ಎಂ.ಎ. ಓದುವಾಗಲೇ ಇದು ಅರಿವಾಗಿ ದಿನಚರಿ ಬರೆಯತೊಡಗಿದೆ. ತಿಂದ ತಿಂಡಿ, ತಪ್ಪಿದ ಬಸ್ಸು, ಹೆಂಡತಿ ಶಾರದೆ ಆಡಿದ ಮಾತು, ಎಲ್ಲಕ್ಕೂ ಲಿಖಿತ ದಾಖಲೆ ಉಂಟು. ಆದ್ದರಿಂದ ಎಪ್ಪತ್ತರ ದಶಕದ ಕೊನೆಯ ಒಂದು ಶುಕ್ರವಾರ, ಕತ್ರಿಗುಪ್ಪೆಯ ನಮ್ಮ ಬಾಡಿಗೆ ಮನೆಯ ನಲ್ಲಿಯಲ್ಲಿ ಗುಲಾಬಿ ಬಣ್ಣದ ನೀರು ಬಂದಾಗ, ಇದನ್ನು ನಿಭಾಯಿಸಬಲ್ಲವನು ನಾನೊಬ್ಬನೇ ಎಂದು ನನಗೆ ಅನ್ನಿಸಿದ್ದು ಸಹಜ.

"ಪೇಂಟ್ ವಾಸನೆ ಬರ್ತಿದೆ ಕಣ್ರೀ," ಎಂದಳು ಶಾರದೆ, ಚೊಂಬನ್ನು ಮೂಗಿಗೆ ಹಿಡಿದು.

"ವಿಷ!" ಎಂದೆ.

"ವಿಷಾನೂ ಇಲ್ಲ, ಮಣ್ಣೂ ಇಲ್ಲ. ಮುನಿಯಪ್ಪನೋರಿಗೆ ಒಂದು ಮಾತು ಹೇಳಿ ಸಾಕು."

ಮುನಿಯಪ್ಪ ನಮ್ಮ ಮನೆಯ ಮಾಲೀಕರು. ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಮನೆ ಬೆಳೆದಿದ್ದರು. ನಾಲ್ಕಕ್ಕೂ ಒಂದೇ ತೊಟ್ಟಿ, ಅಂಗಳದಲ್ಲಿ ಒಂದೇ ನಲ್ಲಿ. ಸರ್ಕಾರದ ಪೈಪಿನ ನೀರು ಎಂದು ನಾವು ಮನೆ ನೋಡಲು ಬಂದಾಗಲೇ ಆಣೆಯಿಟ್ಟು ಹೇಳಿದ್ದರು. ಸರ್ಕಾರದ ನೀರಿಗೆ ಸರ್ಕಾರಕ್ಕೇ ದೂರು ಹೋಗಬೇಡವೇ? ಮೂರು ಪುಟ ಬರೆದು ನೀರಿನ ಕಚೇರಿಗೆ ಕೊಟ್ಟೆ. ಪ್ರತಿ ಪುಟದಲ್ಲೂ 'ದುಷ್ಕರ್ಮಿಗಳು' ಇದ್ದರು.

ಯಾರೂ ಬರುವುದಿಲ್ಲ ಎಂದುಕೊಂಡಿದ್ದೆ. ಶನಿವಾರ ಬೆಳಿಗ್ಗೆಯೇ ಜೀಪು ಬಂತು! ಅದರಿಂದ ಒಬ್ಬ ಎಂಜಿನಿಯರು, ಒಂದು ಬುಟ್ಟಿ ಸೀಸೆಗಳು ಮತ್ತು ಒಬ್ಬ ಕಾನ್‌ಸ್ಟೇಬಲ್ ಇಳಿದರು. ಐದು ನಿಮಿಷದಲ್ಲಿ ಸೀಸೆ ತುಂಬಿತು, ನಲ್ಲಿಗೆ ದಾರ ಸುತ್ತಿಕೊಂಡಿತು, ಅದರ ಮೇಲೆ ಅರಗಿನ ಮುದ್ರೆ ಬಿತ್ತು.

ಪಕ್ಕದ ಮನೆಯ ಕಮಲಮ್ಮ ಓಡಿ ಬಂದರು. "ಸಾರ್, ನಾಳೆ ಹತ್ತು ಗಂಟೆಗೆ ನಮ್ಮ ವತ್ಸಲನ್ನ ನೋಡೋಕೆ ಗಂಡಿನ ಕಡೆಯೋರು ಬರ್ತಿದ್ದಾರೆ! ಹನ್ನೊಂದು ಜನ! ಆಗ್ಲೇ ಎರಡು ಸಂಬಂಧ ತಪ್ಪಿಹೋಗಿದೆ. ಬಂದೋರಿಗೆ ಒಂದು ಲೋಟ ನೀರು ಕೊಡದ ಮನೆ ಹೆಣ್ಣನ್ನ ಯಾರು ತಗೋತಾರೆ?"

"ಲ್ಯಾಬ್ ರಿಪೋರ್ಟ್ ಬರೋವರೆಗೂ ತೆಗೆಯೋ ಹಾಗಿಲ್ಲಮ್ಮ," ಎಂದರು ಎಂಜಿನಿಯರು. "ಬಣ್ಣ ಯಾವತ್ತಿಂದ ಬರ್ತಿದೆ?"

"ಬುಧವಾರದಿಂದ," ಎಂದರು ಕಮಲಮ್ಮ. "ನಿನ್ನೆಯಿಂದ," ಎಂದಳು ಶಾರದೆ. "ಬಣ್ಣ ಎಲ್ಲೈತೆ ಸಾಮಿ?" ಎಂದರು ಮುನಿಯಪ್ಪ.

ನಾನು ಮುಗುಳ್ನಕ್ಕೆ. "ನೆನಪು ಮೋಸ ಮಾಡುತ್ತೆ ಸಾರ್. ನನ್ನ ಹತ್ರ ಲಿಖಿತ ದಾಖಲೆ ಇದೆ."

ದಿನಚರಿಯನ್ನು ಎರಡೂ ಕೈಯಲ್ಲಿ ಒಪ್ಪಿಸಿದೆ. ಎಂಜಿನಿಯರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ಶುಕ್ರವಾರ: ನೀರು ಗುಲಾಬಿ. ಗುರುವಾರ: ನೀರಲ್ಲಿ ಬಣ್ಣವೇ? ಅಥವಾ ನನ್ನ ಕಣ್ಣೇ ಸರಿಯಿಲ್ಲವೇ?" ನಾನು ತಲೆಯಾಡಿಸುತ್ತಿದ್ದೆ. ಅವರು ಇನ್ನೊಂದು ಹಾಳೆ ಹಿಂದಕ್ಕೆ ಹೋದರು. ಹೋಗಬಾರದಿತ್ತು!

"ಮಂಗಳವಾರ ಸಂಜೆ: ಯಡಿಯೂರು ಕೆರೆಯವರೆಗೆ ನಡೆಯಲು ಬೇಸರ. ಎರಡಡಿ ಗಣೇಶನನ್ನು ಹಿತ್ತಲಿನ ಪಾಳುಬಾವಿಯಲ್ಲೇ ಬಿಟ್ಟೆ. ಚಿಕ್ಕಂದಿನಲ್ಲಿ ಬಾವಿಯಲ್ಲೇ ಬಿಡುತ್ತಿದ್ದೆವಲ್ಲ, ತಪ್ಪೇನು? ಶಾರದೆಗೆ ಕೆರೆಗೆ ಹೋಗಿದ್ದೆ ಎಂದೆ."

ಆ ಗಣೇಶನಿಗೆ ಕೆಂಪು ಎಣ್ಣೆಬಣ್ಣ ಬಳಿದಿದ್ದರು.

"ಕೆರೇಲಿ ಕಾಲು ಜಾರ್ತು ಅಂತ ಕತೆ ಬೇರೆ ಹೇಳಿದ್ರಲ್ರೀ!" ಎಂದಳು ಶಾರದೆ.

"ಪಾಳುಬಾವಿನಾ?" ಮುನಿಯಪ್ಪ ತಲೆ ಚಚ್ಚಿಕೊಂಡರು. "ಅಯ್ಯೋ ಸಾಮಿ, ನಿಮ್ಮ ತೊಟ್ಟಿಗೆ ಮೋಟಾರ್ ಹಾಕಿರೋದೇ ಆ ಬಾವಿಗೆ!" ಎಂದವರು ಥಟ್ಟನೆ ನಾಲಿಗೆ ಕಚ್ಚಿಕೊಂಡರು. ಸರ್ಕಾರದ ಪೈಪು ನಮ್ಮ ಬೀದಿಗೆ ಇನ್ನೂ ಬಂದೇ ಇರಲಿಲ್ಲ.

ಎಂಜಿನಿಯರು ಫಾರಂ ತೆಗೆದರು. "ದೂರು ಕೊಟ್ಟೋರು ನೀವು. ದುಷ್ಕರ್ಮೀನೂ ನೀವೇ. ಎರಡು ಕಾಲಂ ಇದೆ, ಎರಡ್ರಲ್ಲೂ ನಿಮ್ಮ ಹೆಸರೇ ಬರ್ಕೋತೀನಿ."

"ಹಾಗಾದ್ರೆ ಮುದ್ರೆ ಒಡೀರಿ ಸಾರ್," ಎಂದರು ಕಮಲಮ್ಮ.

"ನಮಗೆ ಗೊತ್ತಾಯ್ತಮ್ಮ. ಲ್ಯಾಬ್‌ಗೆ ಗೊತ್ತಾಗ್ಬೇಕಲ್ಲ?"

ಕಮಲಮ್ಮ ನನ್ನ ಕಡೆ ತಿರುಗಿದರು. ಎರಡು ಬಿಂದಿಗೆ ತಂದು ನನ್ನ ಮುಂದಿಟ್ಟರು.

ಭಾನುವಾರ ಬೆಳಗಾಗುತ್ತಲೇ ಬಿಂದಿಗೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬನಶಂಕರಿಯ ಬೀದಿ ನಲ್ಲಿಗೆ ಹೋದೆ. ಮೊದಲ ಸಲದ ನೀರು ನನ್ನ ಪಂಚೆಗೆ ಹೋಯಿತು. ಎರಡನೆಯದು ಅರ್ಧ ಉಳಿಯಿತು. ಐದನೆಯ ಸಲ ಗೇಟಿನೊಳಗೆ ಬರುವುದಕ್ಕೂ ಗಂಡಿನ ಕಡೆಯವರು ಬರುವುದಕ್ಕೂ ಸರಿಹೋಯಿತು. ಗಂಡಿನ ತಂದೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಈ ನೀರಿನೋನು ದಿನಾ ಬರ್ತಾನಾ?"

"ಹ್ಞೂಂ ಸಾರ್," ಎಂದರು ಕಮಲಮ್ಮ, ಕಣ್ಣು ಮಿಟುಕಿಸದೆ. "ಕುಡಿಯೋ ನೀರಿನ ವಿಷಯದಲ್ಲಿ ನಾವು ತುಂಬಾ ಸ್ಟ್ರಿಕ್ಟು."

ಸಂಬಂಧ ಕುದುರಿತು! ಗಂಡಿನ ತಂದೆ ಹೊರಡುವಾಗ ನನ್ನ ಬೆನ್ನು ತಟ್ಟಿ, ಮದುವೆಗೂ ನೀನೇ ಬಂದುಬಿಡಪ್ಪ ಎಂದರು.

ದಿನಚರಿ ಮಾತ್ರ ವಾಪಸು ಬರಲಿಲ್ಲ. ಅದು ಕಡತದ ಅಡಕವಾಗಿತ್ತು. ಕೇಳಿದಾಗಲೆಲ್ಲ 'ರಿಪೋರ್ಟ್ ಬರಲಿ' ಎಂದರು. ಹಾಗಾಗಿ ಇಷ್ಟನ್ನೂ ಬರೆದಿರುವುದು ನಾನು ನಂಬದ ನೆನಪಿನಿಂದಲೇ. ಸರಿಯಾಗಿದೆಯೇ ನೋಡು ಎಂದು ಶಾರದೆಗೆ ಕೊಟ್ಟೆ.

ಓದಿ ಮುಗಿಸಿ ಹೇಳಿದಳು: "ಎಲ್ಲಾ ಸರಿ. ಗಣೇಶ ಎರಡಡಿ ಇರ್ಲಿಲ್ಲ, ಗೇಣುದ್ದ ಇತ್ತು. ಎರಡಡಿ ಇದ್ದಿದ್ರೆ ನೀವು ಬಾವಿವರೆಗಾದ್ರೂ ಹೊರ್ತಿದ್ರಾ?"